ಕತ್ತು ಬಿಗಿದಿದೆ ಎನ್ನುವಾಗ ಬಿಗಿದಿರುವುದು ಏನು?

ಫೆಬ್ರುವರಿ ಕೊನೆಯ ಹೊತ್ತಿಗೆ ಕೊಡಗಿನ ತೋಟಗಳಲ್ಲಿ ರೊಬಸ್ಟಾ ಕೊಯ್ಲು ಮುಗಿಯುತ್ತ ಬಂದು ಕರಿಮೆಣಸಿನ ಕೊಯ್ಲು ಶುರುವಾಗಿರುತ್ತದೆ. ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಒಂಟಿ ಬಿದಿರಿನ ಏಣಿಯ ಮೇಲೆ ನಿಂತವನು ಎಡಗೈಯಲ್ಲಿ ಮರವನ್ನು ತಬ್ಬಿ ಹಿಡಿದು, ಬಲಗೈಯಲ್ಲಿ ಗೊಂಚಲು ಕಿತ್ತು, ಸೊಂಟಕ್ಕೆ ಕಟ್ಟಿಕೊಂಡ ಚೀಲಕ್ಕೆ ಹಾಕುತ್ತಿರುತ್ತಾನೆ. ಕಣ್ಣು ಯಾವಾಗಲೂ ಮುಂದಿನ ಗೊಂಚಲಿನ ಮೇಲೆ, ಅಂದರೆ ತಲೆಯಿಂದ ಎರಡಡಿ ಮೇಲೆ. ಒಂದು ಮರ ಮುಗಿಸಿ ಕೆಳಗಿಳಿದ ಕೂಡಲೇ ಅವನು ಎರಡೂ ಕೈಯ ಬೆರಳುಗಳನ್ನು ತಲೆಬುರುಡೆಯ ಬುಡದಲ್ಲಿ ಹೆಣೆದು ಕತ್ತಿನ ಹಿಂಭಾಗವನ್ನು ಬಲವಾಗಿ ಒತ್ತಿಕೊಳ್ಳುತ್ತಾನೆ. ಏನಾಯಿತೆಂದು ಕೇಳಿದರೆ, ಕತ್ತು ಹಿಡಿದುಬಿಟ್ಟಿದೆ ಎನ್ನುತ್ತಾನೆ. ಇದೇ ಮಾತನ್ನು ಮಡಿಕೇರಿಯ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂತವರೂ, ಸಂಪಾಜೆ ಘಾಟಿಯಲ್ಲಿ ದಿನಕ್ಕೆರಡು ಸಲ ಇಳಿದು ಹತ್ತುವ ಚಾಲಕರೂ, ಜುಲೈ ಮಳೆಯಲ್ಲಿ ಬಗ್ಗಿ ನಾಟಿ ಮಾಡುವ ಹೆಂಗಸರೂ ಹೇಳುತ್ತಾರೆ.

ಹಿಡಿದಿದೆ, ಬಿಗಿದಿದೆ, ಸೆಟೆದಿದೆ, ಕಟ್ಟಿಗೆಯಂತಾಗಿದೆ: ಈ ಎಲ್ಲ ಮಾತುಗಳ ಹಿಂದೆ ಒಂದು ಊಹೆ ಅಡಗಿದೆ. ಮಾಂಸಖಂಡ ನಿಜವಾಗಿಯೂ ಗಟ್ಟಿಯಾಗಿದೆ, ಅದನ್ನು ಮೃದು ಮಾಡಿದರೆ ನೋವು ಹೋಗುತ್ತದೆ ಎಂಬುದೇ ಆ ಊಹೆ. ಎಣ್ಣೆ ತಿಕ್ಕುವುದು, ಬಿಸಿನೀರಿನ ಶಾಖ, ಉಳುಕು ತೆಗೆಸುವುದು, ಕ್ಷೌರದಂಗಡಿಯಲ್ಲಿ ಕತ್ತು ತಿರುವಿ ಲಟಿಕೆ ಬರಿಸುವುದು, ಔಷಧದಂಗಡಿಯಲ್ಲಿ ಕೇಳಿ ಪಡೆಯುವ ಸ್ನಾಯು ಸಡಿಲಿಸುವ ಮಾತ್ರೆ, ಎಲ್ಲವೂ ನಿಂತಿರುವುದು ಇದರ ಮೇಲೆಯೇ. ಒಂದೆರಡು ದಿನದ ಉಳುಕಿಗೆ ಈ ಊಹೆಯಿಂದ ತೊಂದರೆಯೇನೂ ಇಲ್ಲ, ಏಕೆಂದರೆ ಅಂಥ ನೋವು ಏನು ಮಾಡಿದರೂ, ಏನೂ ಮಾಡದಿದ್ದರೂ ಹೆಚ್ಚಾಗಿ ವಾರದೊಳಗೆ ಇಳಿಯುತ್ತದೆ. ಆದರೆ ಮೂರು ತಿಂಗಳು ದಾಟಿಯೂ ಉಳಿದ, ವೈದ್ಯರು ದೀರ್ಘಕಾಲಿಕ ಎಂದು ಕರೆಯುವ ನೋವಿನಲ್ಲಿ ಈ ಊಹೆ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಕಳೆದ ಹದಿನೈದು ವರ್ಷಗಳಲ್ಲಿ ಅಳತೆಗೆ ಹಚ್ಚಿ ನೋಡಲಾಗಿದೆ. ಸಿಕ್ಕ ಉತ್ತರ ನಮ್ಮ ನಿತ್ಯದ ಮಾತಿಗೆ ಅಷ್ಟು ಸುಲಭವಾಗಿ ಹೊಂದುವುದಿಲ್ಲ.

ಇದು ಸಣ್ಣ ಸಂಗತಿಯಲ್ಲ. ಜಾಗತಿಕ ರೋಗಹೊರೆಯ ಅಂದಾಜಿನ ಪ್ರಕಾರ 2020ರಲ್ಲಿ ಜಗತ್ತಿನಲ್ಲಿ ಸುಮಾರು 20 ಕೋಟಿ ಜನರಿಗೆ ಕತ್ತು ನೋವಿತ್ತು. 2050ರ ವೇಳೆಗೆ ಅದು ಸುಮಾರು 27 ಕೋಟಿ ಮುಟ್ಟಬಹುದೆಂದು ಅದೇ ಅಂದಾಜು ಹೇಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಜೀವಕ್ಕೆ ಅಪಾಯವಿಲ್ಲದ ಕಾರಣ ಸರ್ಕಾರಿ ಯೋಜನೆಗಳ ಪಟ್ಟಿಯಲ್ಲಿ ಇದರ ಹೆಸರು ಕಾಣುವುದು ಅಪರೂಪ. ದಿನಗೂಲಿಯವರಿಗೆ ಮಾತ್ರ ಇದರ ಲೆಕ್ಕ ಬಲು ಸರಳ: ಕತ್ತು ತಿರುಗದ ದಿನ ಏಣಿ ಹತ್ತುವಂತಿಲ್ಲ, ಏಣಿ ಹತ್ತದ ದಿನ ಕೂಲಿಯಿಲ್ಲ.

ಮಾಂಸಖಂಡದ ಗಡಸುತನವನ್ನು ಅಳೆಯುವುದು ಹೇಗೆ? ಬಹುಕಾಲ ಇದ್ದದ್ದು ಬೆರಳೊಂದೇ. ಚಿಕಿತ್ಸಕ ಒತ್ತಿ ನೋಡಿ ಗಟ್ಟಿ ಎಂದರೆ ಗಟ್ಟಿ. ಅದೇ ಕತ್ತನ್ನು ಇಬ್ಬರು ಚಿಕಿತ್ಸಕರು ಒತ್ತಿದರೆ ಎರಡು ಉತ್ತರ ಬರುವುದೂ ಇತ್ತು. 2004ರ ಸುಮಾರಿಗೆ ಫ್ರಾನ್ಸಿನ ಭೌತವಿಜ್ಞಾನಿಗಳು ಅಲ್ಟ್ರಾಸೌಂಡ್ ಯಂತ್ರಕ್ಕೆ ಒಂದು ಹೊಸ ಬಗೆಯ ಕೆಲಸ ಕಲಿಸಿದರು. ಯಂತ್ರ ಚರ್ಮದ ಮೂಲಕ ಒಳಗಿನ ಅಂಗಾಂಶವನ್ನು ಒಂದು ಕ್ಷಣ ತಳ್ಳುತ್ತದೆ. ಕೆರೆಗೆ ಕಲ್ಲು ಹಾಕಿದಾಗ ಅಲೆ ಏಳುವಂತೆ ಸ್ನಾಯುವಿನೊಳಗೆ ಅಡ್ಡಡ್ಡ ಸರಿಯುವ ಅಲೆಯೊಂದು ಏಳುತ್ತದೆ. ಅಲ್ಟ್ರಾಸೌಂಡಿನ ಧ್ವನಿ ದೇಹದೊಳಗೆ ಸೆಕೆಂಡಿಗೆ ಸುಮಾರು 1,540 ಮೀಟರ್ ಓಡಿದರೆ ಈ ಅಡ್ಡ ಅಲೆ ಸಡಿಲ ಸ್ನಾಯುವಿನಲ್ಲಿ ಸೆಕೆಂಡಿಗೆ ಕೆಲವೇ ಮೀಟರ್ ಸಾಗುತ್ತದೆ. ಸ್ನಾಯು ಗಡಸಾದಷ್ಟೂ ಅಲೆಯ ವೇಗ ಹೆಚ್ಚು. ವೇಗ ಗೊತ್ತಾದರೆ ಗಡಸುತನವನ್ನು ಲೆಕ್ಕ ಹಾಕಬಹುದು. ಇಲಾಸ್ಟೋಗ್ರಫಿ ಎಂಬ ಈ ವಿಧಾನದ ದೊಡ್ಡ ಅನುಕೂಲವೆಂದರೆ ಕತ್ತಿನ ಪದರಗಳನ್ನು ಒಂದೊಂದಾಗಿ ಅಳೆಯಬಹುದು: ಮೇಲೆ ಹೆಗಲಿಗೆ ಹರಡಿದ ಟ್ರೆಪೀಜಿಯಸ್, ಅದರ ಕೆಳಗೆ ತಲೆಯನ್ನು ಹಿಂದಕ್ಕೆ ಎಳೆಯುವ ಪಟ್ಟಿಗಳು, ಎಲ್ಲಕ್ಕಿಂತ ಒಳಗೆ ಕಶೇರುಗಳಿಗೆ, ಅಂದರೆ ಬೆನ್ನುಮೂಳೆಯ ಮಣಿಗಳಿಗೆ, ಅಂಟಿಕೊಂಡಿರುವ ಮಲ್ಟಿಫಿಡಸ್. ಬೆರಳಿಗೆ ಸಿಗುವುದು ಮೊದಲನೆಯದು ಮಾತ್ರ.

ಹೀಗೆ ಅಳೆದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದೀರ್ಘಕಾಲದ ಕತ್ತು ನೋವಿದ್ದ ಮಹಿಳೆಯರನ್ನೂ ನೋವಿಲ್ಲದ ಮಹಿಳೆಯರನ್ನೂ ಹೋಲಿಸಿ ನೋಡಲಾಯಿತು. ನೋವಿದ್ದವರು ತಮ್ಮ ಕತ್ತು ಬಿಗಿದಿದೆ ಎಂದೇ ಹೇಳಿದ್ದರು. ಯಂತ್ರದ ಅಳತೆಯಲ್ಲಿ ಅವರ ಸ್ನಾಯುಗಳು ಮತ್ತೊಂದು ಗುಂಪಿನ ಸ್ನಾಯುಗಳಿಗಿಂತ ಗಡಸಾಗಿ ಕಾಣಲಿಲ್ಲ. ಬೇರೆ ಕೆಲವು ತಂಡಗಳಿಗೆ ಹೆಗಲೆಲುಬನ್ನು ಮೇಲೆತ್ತುವ ಸ್ನಾಯುವಿನಲ್ಲಿ ಅಥವಾ ಟ್ರೆಪೀಜಿಯಸ್‌ನಲ್ಲಿ ಹೆಚ್ಚಿನ ಗಡಸುತನ ಸಿಕ್ಕಿದೆ, ಮೈಗ್ರೇನ್ ಇದ್ದವರಲ್ಲೂ ಸಿಕ್ಕಿದೆ. ಆದ್ದರಿಂದ ಬಿಗಿತವೆಂಬುದೇ ಸುಳ್ಳು ಎಂದು ಯಾರೂ ಹೇಳಬೇಕಾಗಿಲ್ಲ. ಆದರೆ ಬಿಗಿತದ ಅನುಭವ ಇದ್ದಲ್ಲೆಲ್ಲ ಸ್ನಾಯುವಿನ ಬಿಗಿತ ಇರಲೇಬೇಕೆಂಬ ನಿಯಮ ಮುರಿದುಬಿದ್ದಿದೆ. ನನ್ನ ಮಟ್ಟಿಗೆ ಈ ವಿಷಯದಲ್ಲಿ ತಿಳಿದುಕೊಳ್ಳಬೇಕಾದ ಮುಖ್ಯ ಸಂಗತಿ ಇದೇ. ಕೊಡಗಿನ ಚಿಕಿತ್ಸಾ ಪದ್ಧತಿಗಳಿಗೂ ತೋಟದ ಕೆಲಸದ ಕ್ರಮಕ್ಕೂ ಇದರಿಂದ ಬಹಳಷ್ಟು ಬದಲಾಗಬೇಕು.

ಅನುಭವ ಎಲ್ಲಿಂದ ಬಂತು ಹಾಗಾದರೆ? ಕತ್ತಿನ ಬದಲು ಸೊಂಟದ ಮೇಲೆ ನಡೆದ ಒಂದು ಪ್ರಯೋಗ ಇದಕ್ಕೆ ಹತ್ತಿರದ ಸುಳಿವು ಕೊಡುತ್ತದೆ. 2017ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಬೆನ್ನು ಬಿಗಿದಿದೆ ಎನ್ನುವವರನ್ನು ಮಲಗಿಸಿ ಯಂತ್ರದಿಂದ ಬೆನ್ನನ್ನು ಒತ್ತಿ, ಎಷ್ಟು ಒಳಸರಿಯುತ್ತದೆ ಎಂದು ಅಳೆದರು. ಅವರು ಹೇಳಿಕೊಂಡ ಬಿಗಿತಕ್ಕೂ ಅಳತೆಯ ಬಿಗಿತಕ್ಕೂ ಸಂಬಂಧ ಕಾಣಲಿಲ್ಲ. ಆದರೆ ಅವರು ಒತ್ತಡವನ್ನು ಇದ್ದದ್ದಕ್ಕಿಂತ ಹೆಚ್ಚೆಂದು ಭಾವಿಸುತ್ತಿದ್ದರು. ಒತ್ತಡದಲ್ಲಾಗುವ ಸಣ್ಣ ಬದಲಾವಣೆಯನ್ನು ಇತರರಿಗಿಂತ ಚುರುಕಾಗಿ ಗುರುತಿಸುತ್ತಿದ್ದರು. ಮುಂದೆ ಒತ್ತುವಾಗಲೇ ಬಾಗಿಲು ಕಿರ್ರೆನ್ನುವ ಸದ್ದನ್ನು ಕೇಳಿಸಿದಾಗ ಅವರ ಅನುಭವವೇ ಬದಲಾಯಿತು. ಮಳೆಗಾಲದಲ್ಲಿ ಉಬ್ಬಿದ ಮರದ ಬಾಗಿಲನ್ನು ತೆರೆದು ರೂಢಿಯಿರುವ ನಮಗೆ ಇದು ಚೆನ್ನಾಗಿ ಅರ್ಥವಾಗಬೇಕು: ಆ ಸದ್ದು ಕೇಳಿದರೆ ಸಾಕು, ಕೈ ತಾನಾಗಿಯೇ ಹೆಚ್ಚು ಬಲ ಹಾಕಲು ಸಿದ್ಧವಾಗುತ್ತದೆ. ಬಿಗಿತವೆಂಬುದು ಮಿದುಳು ದೇಹಕ್ಕೆ ಕೊಡುವ ಎಚ್ಚರಿಕೆ, ಇನ್ನು ಮುಂದೆ ಹೋಗಬೇಡ ಎಂಬ ತಡೆ ಎಂದು ಆ ಸಂಶೋಧಕರು ವಿವರಿಸಿದರು. ಇದನ್ನು ಕೇಳಿದವರಿಗೆ ನೋವೆಲ್ಲ ಮನಸ್ಸಿನ ಭ್ರಮೆ ಎಂದಂತಾಗಬಾರದು. ಎಚ್ಚರಿಕೆಯ ಗಂಟೆ ನಿಜವಾಗಿಯೂ ಬಾರಿಸುತ್ತಿದೆ. ಅದು ಬಾರಿಸಲು ಬೇಕಾದ ಗದ್ದಲ ಕಡಿಮೆಯಾಗಿದೆ, ಅಷ್ಟೆ.

ಕತ್ತಿನಲ್ಲಿ ಈ ಗಂಟೆ ಬೇಗ ಬಾರಿಸಲು ದೇಹರಚನೆಯಲ್ಲೂ ಕಾರಣವಿದೆ. ತಲೆಬುರುಡೆಯ ಬುಡದಲ್ಲಿರುವ ಕಿರುಬೆರಳ ಗಾತ್ರದ ಸ್ನಾಯುಗಳಲ್ಲಿ, ತಮ್ಮ ಉದ್ದ ಎಷ್ಟಿದೆ ಎಂದು ಮಿದುಳಿಗೆ ವರದಿ ಮಾಡುವ ಸೂಕ್ಷ್ಮ ಗ್ರಾಹಕಗಳು ದೇಹದ ಬೇರೆ ಸ್ನಾಯುಗಳಿಗಿಂತ ಬಹಳ ದಟ್ಟವಾಗಿವೆ. ಕಣ್ಣು, ಕಿವಿಯ ಸಮತೋಲನ ಅಂಗ, ಕತ್ತು ಈ ಮೂರರ ವರದಿಗಳು ಹೊಂದಿದರೆ ತಲೆ ಎಲ್ಲಿದೆ ಎಂಬುದು ತಿಳಿಯುತ್ತದೆ. ಕತ್ತು ನೋವು ಹಳೆಯದಾದ ಅನೇಕರಲ್ಲಿ ಕತ್ತಿನ ವರದಿ ತಪ್ಪತೊಡಗುತ್ತದೆ. ತಲೆಗೆ ಸಣ್ಣ ಲೇಸರ್ ದೀಪ ಕಟ್ಟಿ, ಗೋಡೆಯ ಗುರಿಯಿಂದ 90 ಸೆಂಟಿಮೀಟರ್ ದೂರ ಕೂರಿಸಿ, ಕಣ್ಣು ಮುಚ್ಚಿ ತಲೆ ತಿರುಗಿಸಿ ಮತ್ತೆ ಮೊದಲಿನ ಸ್ಥಾನಕ್ಕೆ ತರಲು ಹೇಳುವ ಪರೀಕ್ಷೆಯಿದೆ. ದೀಪದ ಚುಕ್ಕೆ ಸುಮಾರು ನಾಲ್ಕೂವರೆ ಡಿಗ್ರಿಗಿಂತ ಹೆಚ್ಚು ತಪ್ಪಿದರೆ ಕತ್ತಿನ ಸ್ಥಾನಪ್ರಜ್ಞೆ ಕುಂದಿದೆ ಎಂದು ಎಣಿಸುತ್ತಾರೆ. ಕಣ್ಣು ಮುಚ್ಚಿ ತಲೆಯನ್ನು ಸರಿಯಾಗಿ ನಡುವಿಗೆ ತರಲಾಗದ ಮನುಷ್ಯ ಏಣಿಯ ಹದಿನೈದನೇ ಗಂಟಿನ ಮೇಲೆ ಮುಖ ಮೇಲೆತ್ತಿ ನಿಂತಿದ್ದಾನೆ ಎಂದು ಯೋಚಿಸಿದರೆ, ಇದು ಬರಿಯ ನೋವಿನ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಅಳತೆಗೆ ಸಿಗುವ ಬದಲಾವಣೆಗಳು ಗಡಸುತನಕ್ಕಿಂತ ಸ್ನಾಯುಗಳು ಕೆಲಸ ಹಂಚಿಕೊಳ್ಳುವ ರೀತಿಯಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಕತ್ತಿನ ಮುಂಭಾಗದಲ್ಲಿ, ಗಂಟಲಿನ ಹಿಂದೆ, ಕಶೇರುಗಳಿಗೆ ತಾಗಿಕೊಂಡು ತೆಳ್ಳಗಿನ ಆಳದ ಸ್ನಾಯುಗಳಿವೆ. ತಲೆಯನ್ನು ಸಣ್ಣಗೆ ತೂಗಿ ಹೌದು ಎನ್ನುವುದು ಇವುಗಳಿಂದ. ಆಸ್ಟ್ರೇಲಿಯಾದ ಫಿಸಿಯೋಥೆರಪಿ ವಿದ್ವಾಂಸೆ ಗ್ವೆಂಡೊಲೆನ್ ಜುಲ್ ಇವುಗಳ ಪರೀಕ್ಷೆಗೆ ಒಂದು ಸರಳ ವಿಧಾನ ರೂಪಿಸಿದರು. ಅಂಗಾತ ಮಲಗಿದವರ ಕತ್ತಿನಡಿ ಗಾಳಿ ತುಂಬಿದ ಸಣ್ಣ ಚೀಲವಿಟ್ಟು, ಅದರ ಒತ್ತಡವನ್ನು 20 ಮಿಲಿಮೀಟರ್ ಪಾದರಸಕ್ಕೆ ಹೊಂದಿಸಿ, ಗಲ್ಲವನ್ನು ಮೆಲ್ಲಗೆ ತೂಗುತ್ತ ಎರಡೆರಡರಂತೆ 30ರವರೆಗೆ ಏರಿಸಿ ಪ್ರತಿ ಹಂತದಲ್ಲೂ ಹತ್ತು ಸೆಕೆಂಡು ಹಿಡಿಯಲು ಹೇಳುತ್ತಾರೆ. ನೋವಿಲ್ಲದವರಲ್ಲಿ ಹೆಚ್ಚಿನವರು ಮೇಲಿನ ಹಂತಗಳನ್ನೂ ಹಿಡಿದಿಡುತ್ತಾರೆ. ಹಳೆಯ ಕತ್ತು ನೋವಿದ್ದವರಲ್ಲಿ ಅನೇಕರಿಗೆ ಎರಡನೆಯ, ಮೂರನೆಯ ಹಂತದಲ್ಲೇ ಕತ್ತಿನ ಇಕ್ಕೆಲದ ದಪ್ಪ ಹುರಿಗಳು ಉಬ್ಬಿ ನಿಲ್ಲುತ್ತವೆ. ಒಳಗಿನವರು ಕೆಲಸ ಬಿಟ್ಟಾಗ ಹೊರಗಿನವರು ದುಪ್ಪಟ್ಟು ದುಡಿಯುವುದನ್ನು ಕಣ್ಣಾರೆ ಕಾಣಬಹುದು.

ಮೆಣಸು ಕೊಯ್ಯುವವನ ಕತ್ತಿಗೆ ಈಗ ಮರಳಬೇಕು. ತಲೆ ಹಿಂದಕ್ಕೆ ವಾಲಿದಾಗ ಅದರ ನಾಲ್ಕೂವರೆ, ಐದು ಕಿಲೋ ಭಾರ ಹಿಂದೆ ಬೀಳದಂತೆ ಹಿಡಿದಿಡುವುದು ಹಿಂಭಾಗದ ಸ್ನಾಯುಗಳಲ್ಲ, ಮುಂಭಾಗದವು. ಹಿಂದೆ ಕಶೇರುಗಳ ಸಣ್ಣ ಕೀಲುಗಳು ಒಂದರ ಮೇಲೊಂದು ಒತ್ತಿಕೊಂಡಿರುತ್ತವೆ. ಅವನು ಕೆಳಗಿಳಿದು ಬೆರಳು ಹೆಣೆದು ಒತ್ತಿಕೊಳ್ಳುವುದು ಹಿಂದೆ. ಇಡೀ ಬೆಳಗ್ಗೆ ದುಡಿದು ಸೋತಿರುವುದು ಮುಂದೆ. ಬಗ್ಗಿ ಮಾಡುವ ಕೆಲಸದಲ್ಲಿ ಕತೆ ತಿರುವುಮುರುವು. ಆರೋಗ್ಯವಂತರು ಗಲ್ಲ ಎದೆಗೆ ತಾಗುವಷ್ಟು ತಲೆ ಬಗ್ಗಿಸಿದಾಗ ಹಿಂಭಾಗದ ಸ್ನಾಯುಗಳು ವಿದ್ಯುತ್ ಚಟುವಟಿಕೆ ನಿಲ್ಲಿಸಿ, ಭಾರವನ್ನು ಅಸ್ಥಿಬಂಧಗಳಿಗೆ ಒಪ್ಪಿಸಿ ವಿಶ್ರಮಿಸುತ್ತವೆ. ದೀರ್ಘ ನೋವಿರುವವರಲ್ಲಿ ಈ ವಿಶ್ರಾಂತಿ ಬಾರದೆ, ಬಗ್ಗಿದಷ್ಟು ಹೊತ್ತೂ ಅವು ದುಡಿಯುತ್ತಲೇ ಇರುವುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ನಾಟಿಯ ಹೆಂಗಸರು ಸಂಜೆ ಹೇಳುವ ಬಿಗಿತ ಬಹುಶಃ ಗಡಸುತನಕ್ಕಿಂತ ಈ ಬಗೆಯ ರಜೆಯಿಲ್ಲದ ದುಡಿಮೆಯ ಹೆಸರು.

ಬಾಗಿದ ಕತ್ತಿನ ಮಾತು ಬಂದಾಗ ಒಂದು ಅಂಕಿಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ: 60 ಡಿಗ್ರಿ ಬಗ್ಗಿ ಮೊಬೈಲ್ ನೋಡಿದರೆ ಕತ್ತಿನ ಮೇಲೆ 27 ಕಿಲೋ ಭಾರ. ಇದು 2014ರಲ್ಲಿ ಪ್ರಕಟವಾದ ಗಣಕ ಮಾದರಿಯೊಂದರ ಲೆಕ್ಕ, ಯಾರ ಕತ್ತಿನಲ್ಲೂ ಅಳೆದದ್ದಲ್ಲ. ಐವತ್ತು ಕಿಲೋದ ಕಾಫಿ ಚೀಲವನ್ನು ಹೆಗಲಿಗೇರಿಸಿ ಕಣಕ್ಕೆ ತರುವವರ ನಾಡಿನಲ್ಲಿ ಈ ಅಂಕಿಯಿಂದ ಮಕ್ಕಳನ್ನು ಹೆದರಿಸುವುದು ನನಗೆ ಸ್ವಲ್ಪ ತಮಾಷೆಯಾಗಿ ಕಾಣುತ್ತದೆ. ಕತ್ತಿಗೆ ಭಾರ ಹೊಸತಲ್ಲ. ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಇರುವುದು ಅದಕ್ಕೆ ಒಗ್ಗುವುದಿಲ್ಲ.

ಇನ್ನು ಚಳಿ ಮತ್ತು ಮಳೆ. ಜುಲೈ, ಆಗಸ್ಟ್‌ನಲ್ಲಿ ಬರುವ ಕಕ್ಕಡದ ತಿಂಗಳಲ್ಲಿ ಕತ್ತು ಹೆಚ್ಚು ಹಿಡಿಯುತ್ತದೆ ಎಂದು ಕೊಡಗಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಕಕ್ಕಡ ಹದಿನೆಂಟರ ಮದ್ದುಸೊಪ್ಪಿನ ಪಾಯಸ ಇಂಥ ಮೈಕೈ ನೋವಿಗೂ ಒಳ್ಳೆಯದೆಂದು ಹಿರಿಯರು ನಂಬುತ್ತಾರೆ. ಪಾಯಸದ ವಿಷಯ ಇರಲಿ, ಅದು ರುಚಿಗಾಗಿಯೂ ಉಣ್ಣಬೇಕಾದದ್ದೇ. ಚಳಿಯ ಮಾತಿನಲ್ಲಿ ಮಾತ್ರ ಹುರುಳಿದೆ. ಅಲುಗದೆ ಇಟ್ಟ ಸ್ನಾಯುವಿನ ಎಳೆಗಳ ನಡುವೆ ಸಣ್ಣ ಕೊಂಡಿಗಳು ಸಿಕ್ಕಿಕೊಂಡು ಅದು ತಾತ್ಕಾಲಿಕವಾಗಿ ಗಡಸಾಗುತ್ತದೆ, ನಾಲ್ಕು ಸಲ ಅಲುಗಾಡಿಸಿದರೆ ಮತ್ತೆ ಸಡಿಲಾಗುತ್ತದೆ. ತಣಿದ ಜೇನನ್ನು ಕಲಕಿದಾಗ ಹರಿಯುವಂತೆ. ಬೆಳಗ್ಗೆ ಎದ್ದಾಗ ಹಿಡಿದ ಕತ್ತು ಹಂಡೆಯ ಬಿಸಿನೀರಿನ ಸ್ನಾನವಾಗುವಷ್ಟರಲ್ಲಿ ತಿರುಗುವುದಕ್ಕೆ ಇದೊಂದು ಕಾರಣ. ಅದರ ಜೊತೆಗೆ, ಪ್ಲಾಸ್ಟಿಕ್ ಕೊಪ್ಪೆ ಹೊದ್ದು, ಹೆಗಲನ್ನು ಕಿವಿಗೆ ಏರಿಸಿಕೊಂಡು ದಿನವಿಡೀ ಕಳೆ ತೆಗೆಯುವುದೇ ಟ್ರೆಪೀಜಿಯಸ್‌ಗೆ ಒಂದು ದೊಡ್ಡ ಹೊರೆ. ಮಳೆಗಿಂತ ಮಳೆಯಲ್ಲಿ ನಾವು ಮುದುಡುವ ರೀತಿ ಕತ್ತಿಗೆ ಹೆಚ್ಚು ತಟ್ಟುತ್ತದೆ ಎಂಬುದು ನನ್ನ ಊಹೆ.

ಎರಡು ವರ್ಷ ನನ್ನದೂ ಇದೇ ಪಾಡಾಗಿತ್ತು. ಕಳೆ ಕೊಚ್ಚುವ ಯಂತ್ರವನ್ನು ಒಂದೇ ಹೆಗಲಿಗೆ ನೇತುಹಾಕಿಕೊಂಡು ಒಂದು ಋತು ದುಡಿದ ಮೇಲೆ ಬಲಕ್ಕೆ ತಿರುಗುವುದೇ ಕಷ್ಟವಾಯಿತು. ಘಾಟಿಯ ಕೆಳಗಿನ ಒಂದು ದವಾಖಾನೆಯಲ್ಲಿ ಎಂಆರ್‌ಐ ಮಾಡಿಸಿ, ಎರಡು ಡಿಸ್ಕ್ ಉಬ್ಬಿವೆ ಎಂದು ಹೇಳಿ, ಕತ್ತಿಗೆ ಪಟ್ಟಿ ಹಾಕಿ ಕಳಿಸಿದರು. ಮೂರು ವಾರ ಹಾಕಿಕೊಂಡೆ. ತೆಗೆದ ದಿನ ತಲೆಯನ್ನು ಹೊತ್ತುಕೊಳ್ಳುವುದೇ ಭಾರವೆನಿಸಿತು. ಉಬ್ಬಿದ ಡಿಸ್ಕ್ ಎಂಬ ಮಾತು ನನ್ನನ್ನು ನೋವಿಗಿಂತ ಹೆಚ್ಚು ಕಾಡಿತು. ಅದು ಕೆಮ್ಮಿದರೆ ಹೊರಬರಬಹುದೆಂಬಂತೆ ನಡೆಯತೊಡಗಿದ್ದೆ. ಆಮೇಲೆ ತಿಳಿದದ್ದೇನೆಂದರೆ, ಜಪಾನಿನಲ್ಲಿ ಕತ್ತಿನ ತೊಂದರೆಯಿಲ್ಲದ 1,211 ಜನರ ಎಂಆರ್‌ಐ ಮಾಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 87.6 ಶೇಕಡಾ ಮಂದಿಯಲ್ಲಿ ಉಬ್ಬಿದ ಡಿಸ್ಕ್ ಇತ್ತು. ಇಪ್ಪತ್ತರ ಪ್ರಾಯದವರಲ್ಲೂ ಹೆಚ್ಚಿನವರಲ್ಲಿ ಇತ್ತು. ವರದಿಯಲ್ಲಿ ಬರೆದದ್ದು ಸುಳ್ಳಲ್ಲ, ಆದರೆ ಅದು ನನ್ನ ನೋವಿನ ಕಾರಣವೆಂದು ಹೇಳಲು ಆ ವರದಿಯೊಂದೇ ಸಾಲದಾಗಿತ್ತು.

ಸ್ಕ್ಯಾನ್ ಬೇಕಾಗುವ ಸಂದರ್ಭಗಳಿವೆ, ಅವನ್ನು ಮರೆಯಬಾರದು. ಜ್ವರ, ತೀವ್ರ ತಲೆನೋವಿನ ಜೊತೆಗೆ ಗಲ್ಲವನ್ನು ಎದೆಗೆ ತರಲಾಗದಂತೆ ಕತ್ತು ಸೆಟೆದರೆ ಅದು ಮಿದುಳಿನ ಪೊರೆಯ ಸೋಂಕಾಗಿರಬಹುದು. ಎಣ್ಣೆ ಹುಡುಕದೆ ಕೂಡಲೇ ಆಸ್ಪತ್ರೆ ಸೇರಬೇಕು. ಕೈಯಲ್ಲಿ ಶಕ್ತಿ ಕುಂದುವುದು, ಅಂಗಿಯ ಗುಂಡಿ ಹಾಕಲು ತಡವರಿಸುವುದು, ನಡಿಗೆ ಓಲಾಡುವುದು, ಮೂತ್ರದ ಹಿಡಿತ ತಪ್ಪುವುದು ಮಿದುಳುಬಳ್ಳಿಯ ಮೇಲಿನ ಒತ್ತಡದ ಸೂಚನೆಗಳು. ಮರದಿಂದ ಬಿದ್ದ ಮೇಲೆ ಬಂದ ಕತ್ತು ನೋವನ್ನು ಯಾರೂ ತಿರುವಬಾರದು. ಕ್ಷೌರದಂಗಡಿಯ ಲಟಿಕೆಯ ಬಗ್ಗೆಯೂ ಇಷ್ಟು ಹೇಳಲೇಬೇಕು: ಕತ್ತಿನ ಕಶೇರುಗಳ ರಂಧ್ರಗಳಲ್ಲಿ ಮಿದುಳಿಗೆ ರಕ್ತ ಒಯ್ಯುವ ಎರಡು ಧಮನಿಗಳು ಹಾದುಹೋಗುತ್ತವೆ, ಜೋರಾಗಿ ತಿರುವಿದಾಗ ಅವುಗಳ ಒಳಪದರ ಹರಿದು ಪಾರ್ಶ್ವವಾಯು ಆಗುವುದು ಅಪರೂಪ, ಆದರೆ ಆಗಿದೆ.

ಚಿಕಿತ್ಸೆಯಲ್ಲಿ ತಿಕ್ಕುವುದರಿಂದ, ಶಾಖದಿಂದ ಸಿಗುವ ಸುಖ ನಿಜ; ಬಹುತೇಕರಲ್ಲಿ ಅದು ಕೆಲವು ಗಂಟೆ, ಕೆಲವು ದಿನ. ದೀರ್ಘಾವಧಿಯಲ್ಲಿ ಚೆನ್ನಾಗಿ ನಿಂತಿರುವುದು ಸ್ನಾಯುವಿಗೆ ಬಲ ಕೊಡುವ ವ್ಯಾಯಾಮ. ಫಿನ್ಲೆಂಡಿನಲ್ಲಿ ಹಳೆಯ ಕತ್ತು ನೋವಿದ್ದ 180 ಕಚೇರಿ ಮಹಿಳೆಯರನ್ನು ಮೂರು ಗುಂಪು ಮಾಡಿ ಒಂದು ವರ್ಷ ಗಮನಿಸಿ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕತ್ತಿಗೆ ಬಲದ ಅಥವಾ ಸಹನಶಕ್ತಿಯ ವ್ಯಾಯಾಮ ಮಾಡಿದವರ ನೋವು, ಕೇವಲ ಎಳೆತದ ಮತ್ತು ನಡಿಗೆಯಂಥ ವ್ಯಾಯಾಮದ ಸಲಹೆ ಪಡೆದವರಿಗಿಂತ ಸ್ಪಷ್ಟವಾಗಿ ಕಡಿಮೆಯಾಯಿತು. ಡೆನ್ಮಾರ್ಕಿನಲ್ಲಿ 198 ಕಚೇರಿ ನೌಕರರೊಂದಿಗೆ ನಡೆದ ಇನ್ನೊಂದು ಪ್ರಯೋಗ ನಮಗೆ ಹೆಚ್ಚು ಉಪಯುಕ್ತ. ರಬ್ಬರ್ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ತೋಳುಗಳನ್ನು ಪಕ್ಕಕ್ಕೆ ಎತ್ತುವ ಒಂದೇ ವ್ಯಾಯಾಮವನ್ನು ದಿನಕ್ಕೆ ಎರಡು ನಿಮಿಷ ಮಾಡಿದವರಿಗೂ ಹನ್ನೆರಡು ನಿಮಿಷ ಮಾಡಿದವರಿಗೂ ಹತ್ತು ವಾರಗಳಲ್ಲಿ ಕತ್ತು, ಹೆಗಲಿನ ನೋವು ಇಳಿಯಿತು. ದಿನಕ್ಕೆ ಎರಡು ನಿಮಿಷ ಸಿಗದ ತೋಟವಿಲ್ಲ.

ಆಳದ ಮುಂಭಾಗದ ಸ್ನಾಯುಗಳಿಗೆ ಯಂತ್ರವೂ ಬೇಡ. ಅಂಗಾತ ಮಲಗಿ, ಮಡಿಸಿದ ಟವಲನ್ನು ಕತ್ತಿನಡಿ ಇಟ್ಟು, ತಲೆಯ ಹಿಂಭಾಗ ಚಾಪೆಯಿಂದ ಏಳದಂತೆ, ಗಲ್ಲವನ್ನು ಗಂಟಲ ಕಡೆಗೆ ಅಕ್ಕಿಕಾಳಿನಷ್ಟು ತೂಗಿ ಹತ್ತು ಸೆಕೆಂಡು ಹಿಡಿದು ಬಿಡಬೇಕು, ಹತ್ತು ಸಲ. ಕತ್ತಿನ ಪಕ್ಕದ ಹುರಿಗಳ ಮೇಲೆ ಎರಡು ಬೆರಳಿಟ್ಟುಕೊಂಡರೆ ಅವು ಉಬ್ಬುವುದು ಗೊತ್ತಾಗುತ್ತದೆ, ಉಬ್ಬಿದರೆ ಬಲ ಹೆಚ್ಚಾಯಿತು ಎಂದರ್ಥ. ನನಗೆ ಮೊದಲ ವಾರ ಮೂರು ಸೆಕೆಂಡಿಗೇ ಹುರಿ ಏಳುತ್ತಿತ್ತು. ಕಾರ್ ಹಿಂದಕ್ಕೆ ತೆಗೆಯುವಾಗ ಬಲಕ್ಕೆ ತಿರುಗಿ ನೋಡಲು ಸಾಧ್ಯವಾದದ್ದು ಎರಡೂವರೆ ತಿಂಗಳಾದ ಮೇಲೆ.

ತೋಟದ ಕೆಲಸದ ಕ್ರಮ ಬದಲಾಗದೆ ಟವಲಿನ ವ್ಯಾಯಾಮ ಎಷ್ಟು ದೂರ ಸಾಗೀತು ಎಂಬ ಪ್ರಶ್ನೆ ಉಳಿಯುತ್ತದೆ. ಕಾಫಿ ಕೊಯ್ಲಿನಲ್ಲಿ ಕಿಲೋ ಲೆಕ್ಕದ ಕೂಲಿ ಇರುವಲ್ಲಿ ವಿರಾಮ ಎಂದರೆ ಕೈಯಿಂದ ಹೋದ ದುಡ್ಡು. ಆದ್ದರಿಂದ ಗಂಟೆಗೊಮ್ಮೆ ಕತ್ತು ತಿರುಗಿಸಿ ಎಂಬ ಉಪದೇಶ ಕಾರ್ಮಿಕನ ಮೇಲೇ ಭಾರ ಹಾಕುತ್ತದೆ. ಮೇಸ್ತ್ರಿ ಮತ್ತು ಮಾಲೀಕ ಮಾಡಬಹುದಾದದ್ದು ಬೇರೆ ಇದೆ. ಗೊಂಚಲು ಕಣ್ಣಿನ ಎತ್ತರಕ್ಕೆ ಸಿಗುವಂತೆ ಇನ್ನೆರಡು ಗಂಟು ಏರುವಷ್ಟು ಉದ್ದದ ಏಣಿಯನ್ನು ಮೊದಲೇ ಕೊಡುವುದು, ಏಣಿಯವನನ್ನೂ ನೆಲದಲ್ಲಿ ಉದುರಿದ್ದನ್ನು ಆಯುವವನನ್ನೂ ಮಧ್ಯಾಹ್ನದ ಊಟದ ನಂತರ ಅದಲುಬದಲು ಮಾಡುವುದು, ಕಳೆಯಂತ್ರಕ್ಕೆ ಎರಡು ಹೆಗಲಿಗೂ ಬರುವ ಪಟ್ಟಿ ಹಾಕಿಸುವುದು, ಚೀಲವನ್ನು ಐವತ್ತರ ಬದಲು ಮೂವತ್ತು ಕಿಲೋಗೆ ಕಟ್ಟುವುದು. ಅಲ್ಯೂಮಿನಿಯಂ ಏಣಿ ಹಗುರ ನಿಜ, ಆದರೆ ವಿದ್ಯುತ್ ತಂತಿ ಹಾದುಹೋಗುವ ತೋಟದಲ್ಲಿ ಅದರ ಮಾತೇ ಬೇಡ. ಈಗ ಅಸ್ಸಾಮಿನಿಂದ ಬಂದವರು ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ತುಂಬಿರುವಾಗ ಇನ್ನೊಂದು ತೊಡಕೂ ಸೇರಿದೆ. ಕತ್ತು ಹಿಡಿದಿದೆ ಎಂಬುದಕ್ಕೂ ಕೈ ಜೋಮು ಹಿಡಿದಿದೆ ಎಂಬುದಕ್ಕೂ ಇರುವ ಅಂತರವನ್ನು ಅವರು ಕನ್ನಡದಲ್ಲಿ ಹೇಳಲಾರರು, ಮೇಸ್ತ್ರಿಯ ಮುರುಕು ಹಿಂದಿಯಲ್ಲಿ ಎರಡೂ ದರ್ದ್ ಆಗುತ್ತವೆ, ಎರಡಕ್ಕೂ ಒಂದೇ ಮಾತ್ರೆ ಬರುತ್ತದೆ. ಹೋದ ಮಾರ್ಚಿನಲ್ಲಿ ಪಕ್ಕದ ತೋಟದ ಒಬ್ಬ ಹುಡುಗ ನನ್ನೆದುರು ಏಣಿಯಿಂದಿಳಿದು ಕತ್ತು ತೋರಿಸಿದಾಗ, ಬೆರಳುಗಳನ್ನು ಬಿಡಿಸಿ ಮಡಿಸಿ ತೋರಿಸೆಂದು ಸನ್ನೆ ಮಾಡಿದೆ. ಕಿರುಬೆರಳು ಮಡಿಸಲು ಅವನಿಗೆ ಆಗಲಿಲ್ಲ. ಅವನು ಏಣಿಯನ್ನು ಮರಕ್ಕೆ ಒರಗಿಸಿ ಆಸ್ಪತ್ರೆಗೆ ಹೊರಟ.